ಚಕ್ಕುಬಂದಿಯಲ್ಲಿ ಕರಿಯಕ್ಕ

ತುರುವೇಕೆರೆ
೬-೫-೧೯೭೯

ಶ್ರೀ ಚಿತ್ತಪ್ಪನವರಿಗೆ,

ನಮಸ್ಕಾರ. ನಾನು ಎರೆಕಟ್ಟೆಯ ಪಟೇಲರ ಮನೆಯ ಸದಾಶಿವಯ್ಯ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಿಮಗೆ ಗೊತ್ತಾಗಿರುತ್ತದೆ. ಹದಿನೆಂಟು ವರ್ಷಗಳಿಂದ ನಾನು ಊರಿಗೆ ಬರೆದ ಕಾಗದಗಳನ್ನೆಲ್ಲ ನಮ್ಮ ಮನೆ ಬಾಗಿಲಿಗೆ ತಲುಪಿಸಿದ ಅಂಚೆಯವರು ನೀವೇ. ನಿಮ್ಮ ಹೆಸರಿಗೇ ಬರೆಯುತ್ತಿರುವುದು ಇದೇ ಮೊದಲು.

ಒಂದು ಕೆಲಸದ ನಿಮಿತ್ತ ಬರೆಯುತ್ತಿದ್ದೇನೆ. ಬರುವ ಸಂಕ್ರಾಂತಿಗೆ ನಮ್ಮ ಗುಡ್ಲು ತೋಟದಲ್ಲಿ ಮುತ್ತಾತ ಪಟೇಲ್ ತೋಂಟದಾರ್ಯನವರ ಹೆಸರಿನ ಕಲ್ಲು ನಿಲ್ಲಿಸಬೇಕೆಂದು ನಾನೂ ತಮ್ಮ ಬೆಟ್ಟಸ್ವಾಮಿಯೂ ಮಾತಾಡಿಕೊಂಡಿದ್ದೇವೆ. ಮುಳ್ಳುಕಾಡು ಕಡಿದು, ಗುಡಿಸಲು ಹಾಕಿಕೊಂಡಿದ್ದು, ನಮ್ಮ ಸೀಮೆಗೆ ಮೊದಲ ತೆಂಗು ತಂದವರು ಅವರು ಎಂದು ನಮ್ಮಪ್ಪ ಹೇಳುತ್ತಿದ್ದರು. ಕಲ್ಲಿನ ಮೇಲೆ ಇಸವಿ ಹಾಕಬೇಕು. ಅದು ಸಿಗುತ್ತಿಲ್ಲ. ಚಿಕ್ಕನಾಯಕನಹಳ್ಳಿಯ ತಾಲ್ಲೂಕು ಕಚೇರಿಗೆ ಮೂರು ಸಲ ಹೋಗಿ ಹಳೆಯ ದಫ್ತರಗಳ ಧೂಳು ಕುಡಿದು ಬಂದೆ. ನಮ್ಮ ಕಾಗದಪತ್ರ ೧೮೮೧ರಿಂದ ಶುರುವಾಗುತ್ತದೆ. ಅದರ ಹಿಂದೆ ಏನೂ ಇಲ್ಲ.

ಅಲ್ಲಿದ್ದ ಒಬ್ಬ ಮುದುಕರು ದಾರಿ ಹೇಳಿದರು. "ಸ್ವಾಮಿ, ನಿಮ್ ಪತ್ರ ನಿಮ್ ಮಾತೇ ಹೇಳ್ತದೆ. ಅಕ್ಕಪಕ್ಕದೋರ ಪತ್ರದಾಗೆ ಚಕ್ಕುಬಂದಿ ನೋಡಿ. ನಾಲ್ಕು ದಿಕ್ಕಿಗೂ ಯಾರ ಜಮೀನಿತ್ತು ಅಂತ ಬರ್ದಿರ್ತಾರೆ. ನಿಮ್ ತಾತ ಅಲ್ಲಿ ಸಿಕ್ತಾರೆ."

ನಮ್ಮ ತೋಟದ ಮೂಡಲಿಗೆ ಓಬಮ್ಮನ ಹೊಲ, ತೆಂಕಲಿಗೆ ಸಣ್ಣತಿಮ್ಮಯ್ಯನದು. ನನ್ನ ತಮ್ಮ ಕೇಳಿದರೆ ಬದು ಒತ್ತುವುದಕ್ಕೆ ಕೇಳುತ್ತಿದ್ದಾನೆಂದು ಅವರು ಪೆಟ್ಟಿಗೆಗೆ ಬೀಗ ಹಾಕುತ್ತಾರೆ. ಅವರ ಮನೆಯ ಕಾಗದಗಳನ್ನು ಓದಿ ಹೇಳುವವರು ನೀವು. ನೀವು ಕೇಳಿದರೆ ಇಲ್ಲವೆನ್ನಲಾರರು. ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಈ ಉಪಕಾರ ಮಾಡಬೇಕು.

ಇಂತು,
ಸದಾಶಿವಯ್ಯ


ಎರೆಕಟ್ಟೆ
೨೧-೫-೧೯೭೯

ಸದಾಶಿವ,

ಎದುರಿಗೆ ಸಿಕ್ಕರೆ ಅಯ್ಯನೋರೇ ಅನ್ನಬೇಕಾಗುತ್ತದೆ. ಕಾಗದದಲ್ಲಾದರೂ ಹೆಸರು ಹಿಡಿದು ಕರೆಯುತ್ತೇನೆ. "ಶ್ರೀ ಚಿತ್ತಪ್ಪನವರಿಗೆ" ಅಂತ ಓದಿ ಹಿಂದೆ ತಿರುಗಿ ನೋಡಿದೆ, ಯಾರಾದರೂ ದೊಡ್ಡ ಮನುಷ್ಯರು ಬಂದು ನಿಂತಿದ್ದಾರೇನೋ ಅಂತ. ಹುಳಿಯಾರಿನ ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ನನ್ನ ಲೆಕ್ಕ ಕದ್ದು ಬರೆದುಕೊಂಡವನು ನೀನು. ಈಗ ಬಹುವಚನ ಕಲಿತಿದ್ದೀಯ. ಸಂತೋಷ.

ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ ಅನ್ನುತ್ತೀಯ. ಹಳೆಯದನ್ನೇ ಹುಡುಕಿಕೊಡು ಅಂತಲೂ ಅನ್ನುತ್ತೀಯ. ಎರಡರಲ್ಲಿ ಒಂದು ಹೇಳಪ್ಪ.

ನಾನಂತೂ ಮರೆತಿಲ್ಲ. ಅರವತ್ತೊಂದನೆಯ ಇಸವಿ, ಯುಗಾದಿಯ ಮಾರನೆಯ ದಿನ. ಪ್ರತಿ ವರ್ಷದ ಹಾಗೆ ನಮ್ಮವ್ವ, ನಾನು, ನಮ್ಮ ಗೊಲ್ಲರಹಟ್ಟಿಯ ಇನ್ನಿಬ್ಬರು ನಿಮ್ಮ ತೋಟದ ಹಳ್ಳದ ಬದಿಯ ಹಳೇ ಮರದಿಂದ ದೇವರಿಗೆ ಮೊದಲ ಎಳನೀರು ಗೊನೆ ಇಳಿಸಲು ಬಂದೆವು. ನಿಮ್ಮಪ್ಪ ಬದುಕಿರುವ ತನಕ ಒಂದು ದಿನ ಬೇಡ ಅಂದವರಲ್ಲ. "ಕುಯ್ಕಳ್ಳಿ ಬುಡು" ಅನ್ನೋರು. ಅವರು ತೀರಿಕೊಂಡ ವರ್ಷ ನೀನು ಯಜಮಾನನಾಗಿದ್ದೆ. ಕಾಯಿ ಕೀಳುವ ಎಂಟು ಜನರ ಮುಂದೆ ಕೆಳಗೆ ನಿಂತು ಕೂಗಿದೆ: "ಯಾರ ತಾತ ನೆಟ್ಟ ಮರ ಅಂತ ಕುಯ್ತಿದ್ದೀಯಲಾ? ಇಳಿ ಕೆಳಕ್ಕೆ!"

ನಾನು ಅರ್ಧ ಮರ ಹತ್ತಿದ್ದೆ. ಇಳಿದೆ. ಎದೆ ತರಚಿತು. ನಮ್ಮವ್ವ ಕುಡುಗೋಲು ಎತ್ತಿಕೊಂಡು ಮುಂದೆ ನಡೆದಳು, ನಾನು ಹಿಂದೆ. ಅವತ್ತಿನಿಂದ ಹಟ್ಟಿಯವರು ಆ ತೋಟಕ್ಕೆ ಕಾಲಿಟ್ಟಿಲ್ಲ.

ಓಬಮ್ಮನಿಗೂ ಸಣ್ಣತಿಮ್ಮಯ್ಯನಿಗೂ ಹೇಳಿದ್ದೇನೆ, ತೋರಿಸುತ್ತಾರೆ. ಆದರೆ ನಕಲು ಮಾಡಿ ಕಳಿಸುವ ಕೆಲಸ ನನ್ನದಲ್ಲ. ನೀನೇ ಬಂದು ಓದು. ಎರಡು ಬಸ್ಸು ಬದಲಾಯಿಸಿದರೆ ಊರು.

ಚಿತ್ತಪ್ಪ


ತುರುವೇಕೆರೆ
೮-೭-೧೯೭೯

ಚಿತ್ತಪ್ಪ,

ಹೋದ ಭಾನುವಾರ ಬಿಟ್ಟು ಸೋಮವಾರ ರಜೆ ಹಾಕಿ ಬಂದದ್ದು ನಿನಗೆ ಗೊತ್ತಾಗಿರುತ್ತದೆ. ಸೋಮವಾರವೇ ಏಕೆಂದರೆ ಅವತ್ತು ನೀನು ಬಟವಾಡೆಗೆ ಹೋಗಿರುತ್ತೀಯ, ಎದುರಾಗುವುದಿಲ್ಲ ಎಂದು. ಇದನ್ನು ಬರೆಯುವುದಕ್ಕೇ ನಾಚಿಕೆ. ಆದರೆ ಇನ್ನು ಮುಂದೆ ಬರೆಯಬೇಕಾಗಿರುವುದು ಇದಕ್ಕಿಂತ ನಾಚಿಕೆಯದು.

ಓಬಮ್ಮ ಟ್ರಂಕು ತೆಗೆದು, ಅರಿಸಿನದ ಬಟ್ಟೆ ಬಿಚ್ಚಿ ಪತ್ರ ಕೊಟ್ಟಳು. "ಚಿತ್ತಪ್ಪ ತೋರ್ಸು ಅಂದವ್ನೆ ಅಂತ ತೋರಿಸ್ತಾ ಇವ್ನಿ ಕಣಪ್ಪ. ಇಲ್ದಿದ್ರೆ ನಿಮ್ ಮನೆಯೋರಿಗೆ ತೋರಿಸ್ತಿರ್ಲಿಲ್ಲ" ಎಂದಳು. ೧೮೭೧ರ ಕ್ರಯಪತ್ರ. ಚಕ್ಕುಬಂದಿಯ ಸಾಲಿಗೆ ಬಂದೆ. "ಪಡುವಲಿಗೆ ಗೊಲ್ಲರ ಕರಿಯಕ್ಕನ ಗುಡ್ಲೂ ಆಕೆ ಇಟ್ಟ ತೆಂಗಿನ ಸಸಿಗಳೂ."

ಓಬಮ್ಮನ ಹೊಲದ ಪಡುವಲಿಗೆ ಇರುವುದು ನಮ್ಮ ತೋಟ. ಬರೆದವನು ತಪ್ಪಿರಬೇಕೆಂದು ಮೂರು ಸಲ ಓದಿದೆ. ಸಣ್ಣತಿಮ್ಮಯ್ಯನ ಮನೆಗೆ ಓಡಿದೆ. ಅವನದು ೧೮೮೩ರದು. "ಬಡಗಲಿಗೆ, ಮುಂಚೆ ಗೊಲ್ಲರ ಕರಿಯಕ್ಕನದಾಗಿದ್ದು ಈಗ ಪಟೇಲ್ ತೋಂಟದಾರ್ಯನವರ ಸ್ವಾಧೀನದಲ್ಲಿರುವ ತೆಂಗಿನ ತೋಟ." ಇಬ್ಬರು ಬೇರೆ ಬೇರೆ ಜನ, ಬೇರೆ ಬೇರೆ ಇಸವಿ, ಒಂದೇ ಹೆಸರು. ನಮ್ಮ ಪತ್ರವನ್ನು ನಮ್ಮ ಮುತ್ತಾತ ತಮಗೆ ಬೇಕಾದ ಹಾಗೆ ಬರೆಸಿಕೊಂಡರು. ನೆರೆಯವರ ಪೆಟ್ಟಿಗೆಯಲ್ಲಿದ್ದದ್ದಕ್ಕೆ ಅವರ ಕೈ ಹೋಗಲಿಲ್ಲ.

ನನ್ನ ಮುಖ ನೋಡಿ ಸಣ್ಣತಿಮ್ಮಯ್ಯ ನಕ್ಕ. "ಊರಿಗೆಲ್ಲ ಗೊತ್ತಿರೋದೇ ಅಲ್ವಾ ಸ್ವಾಮಿ? ಪಟೇಲರ ಮನೆಯೋರ ಮುಂದೆ ಹೇಳೋರ್ ಯಾರು?" ಎಂದ. ಮೂವತ್ತು ವರ್ಷದಿಂದ ಮಕ್ಕಳಿಗೆ ಚರಿತ್ರೆ ಪಾಠ ಹೇಳುವ ಮೇಷ್ಟ್ರು ನಾನು. ನನ್ನ ತೋಟದ ಚರಿತ್ರೆ ನನ್ನೊಬ್ಬನಿಗೆ ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಕರಿಯಕ್ಕ ನಿಮ್ಮವರೇ ಅಲ್ಲವೇ? ಅವತ್ತು ನಿನಗೂ ಗೊತ್ತಿತ್ತೇ? ಗೊತ್ತಿದ್ದರೆ ಮರದ ಮೇಲಿಂದಲೇ ಏಕೆ ಹೇಳಲಿಲ್ಲ? ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಹದಿನೆಂಟು ವರ್ಷ ತಡವಾಗಿ ಆ ಮಾತು ಬಹಳ ಸಣ್ಣದಾಗಿ ಕಾಣುತ್ತಿದೆ.

ನಿನ್ನ
ಸದಾಶಿವ


ಎರೆಕಟ್ಟೆ ಗೊಲ್ಲರಹಟ್ಟಿ
೧೧-೯-೧೯೭೯

ಸದಾಶಿವ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಕೋಪದಿಂದಲ್ಲ. ನಿನ್ನ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನನ್ನ ನಾಚಿಕೆಯನ್ನೂ ತೆಗೆದಿಡಬೇಕಿತ್ತು.

ಗೊತ್ತಿತ್ತು. ಕರಿಯಕ್ಕ ನಮ್ಮ ಮುತ್ತಜ್ಜಿ. ನಮ್ಮಲ್ಲಿ ಹೆರಿಗೆಯಾದ ಹೆಂಗಸು ಕೂಸಿನ ಜೊತೆ ಹಟ್ಟಿಯ ಹೊರಗೆ ಗುಡ್ಲಲ್ಲಿರಬೇಕು, ಹಟ್ಟಿಯ ದೇವರಿಗೆ ಸೂತಕ ತಾಗಬಾರದು ಅಂತ. ಈ ಪದ್ಧತಿ ನಿನಗೂ ಗೊತ್ತಿದೆ. ಕರಿಯಕ್ಕನ ಗುಡ್ಲು ಆ ಹಳ್ಳದ ದಂಡೆಯಲ್ಲಿತ್ತು. ಬರೀ ಕಾರೆಮುಳ್ಳು, ತೋಳದ ಕಾಟ. ಅವಳೇ ಮುಳ್ಳು ಕಡಿದು ಜಾಗ ಮಾಡಿಕೊಂಡಳಂತೆ. ಐದು ಬಾಣಂತನ ಅಲ್ಲೇ. ಒಂದೊಂದು ಬಾಣಂತನಕ್ಕೆ ಮೂರು ಮೊಳಕೆ ಕಾಯಿ ಇಟ್ಟು, ತಾನೂ ಕೂಸೂ ಮಿಂದ ನೀರು ಅವಕ್ಕೆ ಹರಿಯುವ ಹಾಗೆ ಕಾಲುವೆ ತೆಗೆದಳಂತೆ. ಹದಿನೈದು ಗಿಡ. ಈಗ ಉಳಿದಿರುವುದು ಹಳ್ಳದ ಬದಿಯ ಅದೊಂದೇ. ಮಿಕ್ಕದ್ದೆಲ್ಲ ಆಮೇಲೆ ನಿಮ್ಮವರು ನೆಟ್ಟಿದ್ದು, ಅದನ್ನು ಇಲ್ಲ ಅನ್ನುವುದಿಲ್ಲ.

ಆ ದೊಡ್ಡ ಬರದಲ್ಲಿ ಹಟ್ಟಿಯವರೆಲ್ಲ ಕುರಿ ಹೊಡೆದುಕೊಂಡು ಹುಲ್ಲು ಇದ್ದ ಕಡೆ ಹೋದರು. ಮೂರು ವರ್ಷ ಬಿಟ್ಟು ವಾಪಸು ಬಂದರೆ ತೋಟಕ್ಕೆ ಬೇಲಿ ಬಿದ್ದಿತ್ತು. ಬಿಟ್ಟುಹೋದ ಜಮೀನು ಅಂತ ನಿಮ್ಮ ಮುತ್ತಾತ ಬರೆಸಿಕೊಂಡಿದ್ದರು. ಕರಿಯಕ್ಕ ಹೋಗಿ ಕೇಳಿದಳಂತೆ. ವರ್ಷಕ್ಕೊಂದು ಗೊನೆ ಕೊಯ್ದುಕೋ ಅಂದರಂತೆ. ಆ ಗೊನೆಯೇ ನೀನು ನಿಲ್ಲಿಸಿದ್ದು.

ಮರದ ಮೇಲಿಂದ ಏಕೆ ಹೇಳಲಿಲ್ಲ ಅಂತೀಯ. ಯಾರ ತಾತ ಅಂತ ಕೇಳಿದೆಯಲ್ಲಯ್ಯ ನೀನು. ತಾತ ಅಲ್ಲ, ಅಜ್ಜಿ, ಹಟ್ಟಿ ಹೊರಗಿಟ್ಟ ಬಾಣಂತಿ, ಮೈಲಿಗೆ ನೀರಲ್ಲಿ ಬೆಳೆಸಿದ ಮರ ಅಂತ ಆ ಎಂಟು ಜನರ ಮುಂದೆ ಹೇಳುವುದಕ್ಕೆ ನನಗೆ ನಾಚಿಕೆಯಾಯಿತು. ಆಗತಾನೇ ಖಾಕಿ ಹಾಕಿದ್ದೆ. ನಗುತ್ತಾರೆ ಅನ್ನಿಸಿತು. ಸುಮ್ಮನೆ ಇಳಿದೆ. ನಿನ್ನ ಮಾತಿಗೆ ಇಳಿದೆ ಅಂತ ಇಷ್ಟು ದಿನ ನಿನ್ನನ್ನು ಬೈದುಕೊಂಡೆ. ಅರ್ಧ ಇಳಿದದ್ದು ನನ್ನಿಂದಲೇ.

ಇನ್ನೊಂದಿದೆ. ಹೋದ ತಿಂಗಳು ನನ್ನ ಮಗಳು ಬೋರಕ್ಕನಿಗೆ ಗಂಡು ಮಗು ಆಯಿತು. ಆ ಮಳೆಯಲ್ಲಿ ಅವಳೂ ಕೂಸೂ ಹೊರಗಿನ ಗುಡ್ಲಲ್ಲೇ ಇದ್ದರು. ಬಾಣಂತಿಯನ್ನು ಬೆಚ್ಚಗಿಡಿ ಅಂತ ಆಸ್ಪತ್ರೆಯವರು ಕಳಿಸಿದ ಕಾಗದವನ್ನು ಮನೆ ಮನೆಗೆ ಓದಿ ಹೇಳುವವನು ನಾನೇ. ನನ್ನ ಹಟ್ಟಿಯಲ್ಲಿ ಬಾಯಿ ಬಿಡಲಿಲ್ಲ.

ಕಲ್ಲು ನಿಲ್ಲಿಸುವುದು ನಿನ್ನಿಷ್ಟ. ಜಮೀನು ಕೇಳುತ್ತಿಲ್ಲ. ನಿನ್ನ ತಮ್ಮನಿಗೆ ಆ ಭಯ ಇದ್ದರೆ ಸ್ವಲ್ಪ ದಿನ ಇರಲಿ ಬಿಡು. ಆದರೆ ಅವತ್ತು ಬಾಯಲ್ಲಿ ಹೇಳಿದ್ದನ್ನು ಬಾಯಲ್ಲೇ ವಾಪಸು ತಗೋ, ಜನರ ಮುಂದೆ. ಕಾಗದದಲ್ಲಿ ಅಲ್ಲ.

ಚಿತ್ತಪ್ಪ


ತುರುವೇಕೆರೆ
೧೬-೧೨-೧೯೭೯

ಚಿತ್ತಪ್ಪ,

ನಿನ್ನ ಮಾತು ಒಪ್ಪಿದೆ. ಕಲ್ಲಿನ ಒಕ್ಕಣೆ ಬದಲಾಯಿಸಿ ಬೆಟ್ಟಸ್ವಾಮಿಗೆ ಕಳಿಸಿದ್ದೇನೆ. "ಇಲ್ಲಿ ಮೊದಲ ತೆಂಗು ನೆಟ್ಟವರು ಕರಿಯಕ್ಕ." ಅವನು ಕುಣಿದಾಡಿದ. "ಇವತ್ತು ಕಲ್ಲಲ್ಲಿ ಹೆಸರು, ನಾಳೆ ಪಹಣೀಲಿ ಹೆಸರು. ಊಳೋನು ನಾನು, ನಿನಗೇನು ಸಂಬಳ ಬತ್ತದೆ" ಎಂದ. ಅವನನ್ನು ಒಪ್ಪಿಸುತ್ತೇನೆ. ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಹತ್ತಕ್ಕೆ ಎಲ್ಲರ ಮುಂದೆ ನಾನೇ ಹೇಳುತ್ತೇನೆ. ಬೋರಕ್ಕನನ್ನೂ ಮೊಮ್ಮಗನನ್ನೂ ಕರೆದುಕೊಂಡು ಬಾ. ಹಿಂದೆ ನಿಲ್ಲಬೇಡ.

ನಿನ್ನ
ಸದಾಶಿವ


ತುರುವೇಕೆರೆ
೨೦-೧-೧೯೮೦

ಚಿತ್ತಪ್ಪ,

ಹೇಗೆ ಶುರು ಮಾಡಲಿ?

ಅವತ್ತು ಬೆಳಿಗ್ಗೆ ನಾನು ತೋಟಕ್ಕೆ ಬಂದಾಗಲೇ ಕಲ್ಲಿಗೆ ಬಟ್ಟೆ ಹೊದಿಸಿತ್ತು. ತಿಪಟೂರಿನಿಂದ ಬೀಗರು, ಊರಿನ ಹಿರಿಯರು, ನಮ್ಮ ಜನವೆಲ್ಲ ಜಮಖಾನದ ಮೇಲೆ ಕೂತಿದ್ದರು. ಬಟ್ಟೆ ತೆಗೆದರು. ಬೆಟ್ಟಸ್ವಾಮಿ ಹಳೆಯ ಒಕ್ಕಣೆಯನ್ನೇ ಕೆತ್ತಿಸಿದ್ದ. "ಈ ತೋಟದ ಮೂಲಪುರುಷ ಪಟೇಲ್ ತೋಂಟದಾರ್ಯ." ನನಗೆ ಹೇಳಿರಲಿಲ್ಲ. ಕಲ್ಲು ಏನೇ ಹೇಳಲಿ, ನನ್ನ ಬಾಯಿ ಇತ್ತು. ಎದ್ದು ನಿಂತೆ. ಬಾವಿಕಟ್ಟೆಯ ಹತ್ತಿರ ನೀನು ಕಂಡೆ. ಪಕ್ಕದಲ್ಲಿ ಬೋರಕ್ಕ, ಕೆಂಪು ಕುಲಾವಿಯ ಕೂಸು. ನೀನು ಖಾಕಿ ಹಾಕದೆ ಬಿಳಿ ಅಂಗಿಯಲ್ಲಿ ಬಂದಿದ್ದೆ.

ನಿನ್ನನ್ನು ನೋಡಿಕೊಂಡೇ ನಾನು ಹೇಳಿದ್ದು ಇದು: "ನಮ್ಮ ಮುತ್ತಾತ ಇಲ್ಲಿ ಗುಡ್ಲು ಹಾಕಿಕೊಂಡು, ಮುಳ್ಳು ಕಡಿದು, ಹಳ್ಳದ ನೀರು ಹರಿಸಿ ತೆಂಗು ಬೆಳೆಸಿದರು." ಜನ ಚಪ್ಪಾಳೆ ತಟ್ಟಿದರು. ಸುಮ್ಮನಿದ್ದರೂ ಆಗುತ್ತಿತ್ತು. ನೀನು ಕಾಗದದಲ್ಲಿ ಬರೆದ ಗುಡ್ಲನ್ನೂ ಮುಳ್ಳನ್ನೂ ಕಾಲುವೆಯನ್ನೂ ತೆಗೆದು ನಮ್ಮ ಮುತ್ತಾತನಿಗೆ ಕೊಟ್ಟೆ. ಅವರು ಒಂದು ಸಲ ಕಸಿದುಕೊಂಡರು, ನಾನು ಎರಡನೆಯ ಸಲ. ಅವರಿಗಾದರೂ ಬರದ ನೆಪವಿತ್ತು. ನನಗೆ ಇದ್ದದ್ದು ಬೀಗರ ಮುಂದೆ ಮುಖ ಸಣ್ಣದಾಗುತ್ತದೆಂಬ ಭಯ ಒಂದೇ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನೀನು ಇರಲಿಲ್ಲ. ಹೋಗುವ ಮುಂಚೆ ಬೋರಕ್ಕ ಹಳ್ಳದ ಬದಿಗೆ ಹೋಗಿ ಆ ಮರಕ್ಕೆ ಕೂಸಿನ ಕೈ ಮುಟ್ಟಿಸಿದಳಂತೆ. ಓಬಮ್ಮ ಹೇಳಿದಳು. ಹೇಳಿ ನನ್ನ ಮುಖ ನೋಡದೆ ಹೋದಳು.

ನನ್ನನ್ನು ಬೈದಾದರೂ ಒಂದು ಸಾಲು ಬರೆ.

ಸದಾಶಿವ

(ಈ ಕಾಗದ ಒಡೆಯದೆ ವಾಪಸು ಬಂತು. ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ: "ವಿಳಾಸದಾರರು ತೆಗೆದುಕೊಳ್ಳಲು ಒಪ್ಪಲಿಲ್ಲ. ಕಳಿಸಿದವರಿಗೆ ಹಿಂದಿರುಗಿಸಿದೆ. ಚಿತ್ತಪ್ಪ, ಅಂಚೆಯವನು.")


(ಅಂಚೆ ಕಾರ್ಡು. ಇದೇ ಒಕ್ಕಣೆಯ ನಲವತ್ತೊಂದು ಕಾರ್ಡು, ಎರೆಕಟ್ಟೆ ಮತ್ತು ಗೊಲ್ಲರಹಟ್ಟಿಯ ನಲವತ್ತೊಂದು ಮನೆಗಳಿಗೆ.)

ತುರುವೇಕೆರೆ
೩-೩-೧೯೮೦

ಗುಡ್ಲು ತೋಟದಲ್ಲಿ ಮೊದಲ ತೆಂಗು ನೆಟ್ಟವರು ನಮ್ಮ ಮುತ್ತಾತ ತೋಂಟದಾರ್ಯನವರಲ್ಲ. ಗೊಲ್ಲರ ಕರಿಯಕ್ಕ. ಹಟ್ಟಿಯ ಹೊರಗಿನ ಬಾಣಂತಿ ಗುಡ್ಲಲ್ಲಿದ್ದು, ಮುಳ್ಳು ಕಡಿದು, ಕೂಸು ಮೀಯಿಸಿದ ನೀರಲ್ಲಿ ಹದಿನೈದು ಗಿಡ ಬೆಳೆಸಿದರು. ಬರದಲ್ಲಿ ಅವರು ಊರು ಬಿಟ್ಟಾಗ ನಮ್ಮ ಮುತ್ತಾತ ಅದನ್ನು ತಮ್ಮದೆಂದು ಬರೆಸಿಕೊಂಡರು. ಓಬಮ್ಮನ ಪತ್ರದ ಚಕ್ಕುಬಂದಿಯೂ ಸಣ್ಣತಿಮ್ಮಯ್ಯನ ಪತ್ರದ ಚಕ್ಕುಬಂದಿಯೂ ಸಾಕ್ಷಿ. ಅರವತ್ತೊಂದರಲ್ಲಿ ಚಿತ್ತಪ್ಪನನ್ನು ಆ ಮರದಿಂದ ಇಳಿಸಿದವನು ನಾನು. ಸಂಕ್ರಾಂತಿಯಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದವನೂ ನಾನೇ. ಓದಲು ಬಾರದವರಿಗೆ ಓದಿ ಹೇಳಿ.

ಸದಾಶಿವಯ್ಯ, ಪಟೇಲರ ಮನೆ


ಎರೆಕಟ್ಟೆ ಗೊಲ್ಲರಹಟ್ಟಿ
೯-೩-೧೯೮೦

ಲೋ ಸದಾಶಿವ,

ಲಕೋಟೆಯನ್ನು ವಾಪಸು ಕಳಿಸಬಹುದು. ಕಾರ್ಡನ್ನು ಏನು ಮಾಡಲಿ? ಚೀಲ ಬಿಚ್ಚುತ್ತಿದ್ದ ಹಾಗೇ ಕಣ್ಣಿಗೆ ಬಿತ್ತು. ಒಂದಲ್ಲ, ನಲವತ್ತೊಂದು. ಹಂಚದೆ ಇಟ್ಟುಕೊಂಡರೆ ನನ್ನ ಕೆಲಸ ಹೋಗುತ್ತದೆ.

ಓದಲು ಬಾರದವರಿಗೆ ಓದಿ ಹೇಳಿ ಅಂತ ಕೊನೆಗೆ ಬರೆದೆಯಲ್ಲ, ಈ ಊರಲ್ಲಿ ಓದಿ ಹೇಳುವವನು ಯಾರು? ಬೇಕೆಂದೇ ಬರೆದೆಯೋ, ಯೋಚನೆ ಇಲ್ಲದೆ ಬರೆದೆಯೋ ನನಗೆ ಗೊತ್ತಿಲ್ಲ. ಬೇಕೆಂದೇ ಬರೆದಿದ್ದರೆ ನೀನು ಖದೀಮ. ಬೇರೆಯವರ ಬಾಯಲ್ಲಿ ಕ್ಷಮೆ ಕೇಳಿಸುವ ಪಟೇಲರ ಬುದ್ಧಿ ಅದು.

ಮೊದಲು ಓಬಮ್ಮನ ಮನೆ. ಜಗುಲಿಯ ಮೇಲೆ ಕೂರಿಸಿ ಓದು ಅಂದಳು. ಕರಿಯಕ್ಕನ ಹೆಸರಿನ ತನಕ ಸರಾಗ ಬಂತು. ಬಾಣಂತಿ ಗುಡ್ಲು ಅನ್ನುವಲ್ಲಿ ನಾಲಿಗೆ ನಿಂತಿತು. ಎಲ್ಲಿ ಹತ್ತೊಂಬತ್ತು ವರ್ಷದ ಹಿಂದೆ ನಿಂತಿತ್ತೋ ಅಲ್ಲೇ. "ಮುಂದಕ್ ಓದಪ್ಪ, ಸರ್ಕಾರಿ ಮುದ್ರೆ ಬಿದ್ದದೆ, ನುಂಗಂಗಿಲ್ಲ" ಅಂದಳು. ಓದಿದೆ. ಯಾರೂ ನಗಲಿಲ್ಲ. ಅವಳು ಸೆರಗಲ್ಲಿ ಮುಖ ಒರೆಸಿಕೊಂಡು ಇನ್ನೊಂದು ಸಲ ಓದಿಸಿದಳು. ಆಮೇಲೆ ಮನೆ ಮನೆಗೂ ಓದಿದೆ. ನಿಮ್ಮ ಮನೆಯಲ್ಲೂ ಓದಿದೆ. ಬೆಟ್ಟಸ್ವಾಮಿಗೆ ಓದು ಬರುತ್ತದೆ, ಆದರೂ ನಾನು ನಿಂತು ಜೋರಾಗಿ ಓದಿದೆ. ಕಾರ್ಡು ಕಿತ್ತುಕೊಂಡ. ಹರಿಯುತ್ತಾನೆ ಅಂದುಕೊಂಡೆ. ಹರಿಯಲಿಲ್ಲ. ಮಡಿಸಿ ಅಂಗಿ ಜೇಬಿಗೆ ಇಟ್ಟುಕೊಂಡು ಒಳಗೆ ಹೋದ. ಅವನ ಹೆಂಡತಿ ಕುಡಿಯುವುದಕ್ಕೆ ಮಜ್ಜಿಗೆ ಕೊಟ್ಟಳು.

ಸಂಜೆ ಹಟ್ಟಿಯಲ್ಲಿ ಎಲ್ಲರೂ ಸೇರಿಕೊಂಡರು. ಅಲ್ಲಿ ಓದುವುದು ಎಲ್ಲಕ್ಕಿಂತ ಕಷ್ಟವಾಯಿತು. ಪೂಜಾರಿ ಕೂತಿದ್ದ, ಹಿರಿಯರು ಕೂತಿದ್ದರು. ಪೂರ್ತಿ ಓದಿದೆ. ಬೋರಕ್ಕ ಎದ್ದು ಬಂದು ಕಾರ್ಡು ಇಸಕೊಂಡಳು. "ಅಪ್ಪಾ, ಮುತ್ತಜ್ಜಿನ ಹೊರಗಿಟ್ಟಿದ್ದು ಪಟೇಲರಲ್ಲ, ನಾವು. ಕಾರ್ಡಲ್ಲಿ ಅದ್ಯಾಕೆ ಬರ್ದಿಲ್ಲ?" ಅಂದಳು. ಎಲ್ಲರೂ ನನ್ನ ಮುಖ ನೋಡಿದರು. ಮುಂದಿನ ಹೆರಿಗೆಗೆ ಅವಳು ಹೊರಗೆ ಹೋಗುವುದಿಲ್ಲ ಅಂತ ಹೇಳಿದೆ. ಪೂಜಾರಿ ಎದ್ದು ಹೋದ. ಅದರ ಜಗಳ ಇನ್ನು ಮೇಲೆ ಇದೆ. ಅದು ನನ್ನದು, ನಾನು ನೋಡಿಕೊಳ್ಳುತ್ತೇನೆ.

ನಿನ್ನದು ಇನ್ನೂ ಮುಗಿದಿಲ್ಲ. ನಲವತ್ತೊಂದು ಮನೆಯಲ್ಲಿ ನಿನ್ನ ನಾಚಿಕೆಯನ್ನು ನನ್ನ ಬಾಯಿ ಹೊತ್ತಿದೆ. ನಿನ್ನ ಬಾಯಿ ಇನ್ನೂ ತುರುವೇಕೆರೆಯಲ್ಲೇ ಇದೆ. ಯುಗಾದಿಯ ಮಾರನೆಯ ದಿನ ಹಟ್ಟಿಯವರೆಲ್ಲ ಗುಡ್ಲು ತೋಟಕ್ಕೆ ಬರುತ್ತೇವೆ, ಊರಿನವರೂ ಬರುತ್ತಾರಂತೆ. ನನಗೆ ಐವತ್ತಾಯಿತು, ಆದರೂ ಮರ ನಾನೇ ಹತ್ತುತ್ತೇನೆ. ಅರ್ಧ ಹತ್ತಿ ನಿಲ್ಲುತ್ತೇನೆ. ನೀನು ಕೆಳಗೆ ನಿಂತು, ಅವತ್ತು ಕೇಳಿದೆಯಲ್ಲ, ಅದನ್ನೇ ಅಷ್ಟೇ ಜೋರಾಗಿ ಕೇಳು. ಯಾರು ನೆಟ್ಟ ಮರ ಅಂತ.

ಈ ಸಲ ಇಳಿಯುವುದಿಲ್ಲ. ಉತ್ತರ ಹೇಳುತ್ತೇನೆ.

ಚಿತ್ತಪ್ಪ
ಕರಿಯಕ್ಕನ ಮರಿಮಗ